ಕಾಗೆ ಮುಟ್ಟಿದ ಅತ್ತೆ

ನನ್ನ ಮಾನ ಒಂದೇ ಏಟಿಗೆ ಹೋದದ್ದಲ್ಲ, ಸ್ವಲ್ಪ ಸ್ವಲ್ಪವಾಗಿ ಹೋಯಿತು. ಕುಡಿತದಿಂದ ಹೋಗಲಿಲ್ಲ, ಇಸ್ಪೀಟಿನಿಂದ ಹೋಗಲಿಲ್ಲ. ಪರಸ್ತ್ರೀಯರ ದೆಸೆಯಿಂದ ಹೋಗಬೇಕಾದರೆ ಅದಕ್ಕೂ ಒಂದು ಧೈರ್ಯ ಬೇಕು, ಅದು ನನಗೆ ಮೊದಲೇ ಇಲ್ಲ. ನನ್ನ ಮಾನ ಕಳೆದದ್ದು ಒಂದು ಹಲ್ಲಿ, ಒಂದು ಹಾವು, ಒಂದು ನರಿ, ಒಂದು ಕಾಗೆ! ಪಾಪ, ಇವಕ್ಕೆಲ್ಲ ನನ್ನ ಮೇಲೆ ಯಾವ ಹಗೆಯೂ ಇರಲಿಲ್ಲ. ಆದರೆ ಅವುಗಳ ಪರವಾಗಿ ಮಾತಾಡಲು ನಮ್ಮ ಮನೆಯಲ್ಲೇ ಒಬ್ಬ ವಕೀಲೆ ಇದ್ದಳು. ಅವಳೇ ನಮ್ಮತ್ತೆ.

ಅತ್ತೆ ಎಂದರೆ ಹೆಣ್ಣು ಕೊಟ್ಟ ಅತ್ತೆಯಲ್ಲ. ನಮ್ಮಪ್ಪನ ಅಕ್ಕ, ಸೋದರತ್ತೆ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು ತವರಿಗೆ ಬಂದವಳು. ಮಕ್ಕಳಿರಲಿಲ್ಲ. ಅಮ್ಮ ಹೊಲ, ಹಸು ಎಂದು ದಿನವೆಲ್ಲ ಓಡಾಡುತ್ತಿದ್ದುದರಿಂದ ನಾನು ಬೆಳೆದದ್ದೆಲ್ಲ ಅತ್ತೆಯ ಸೊಂಟದ ಮೇಲೆ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅವಳು ನನ್ನ ಮತ್ತು ನನ್ನ ಹೆಂಡತಿ ಗೀತಾಳ ಜೊತೆಗೇ ಉಳಿದಳು. ವರ್ತೂರಿನ ಹತ್ತಿರ ನಮ್ಮ ರಾಗಿ ಹೊಲವಿತ್ತು. ಆ ಹೊಲದ ಮೇಲೆ ಅಪಾರ್ಟ್‌ಮೆಂಟು ಎದ್ದಿತು. ಬಿಲ್ಡರು ಹೊಲ ತೆಗೆದುಕೊಂಡು ಮೂರನೇ ಮಹಡಿಯಲ್ಲಿ ನಮಗೊಂದು ಮನೆ ಕೊಟ್ಟ. ಗೃಹಪ್ರವೇಶದ ದಿನ ಎಲ್ಲರೂ ಟೈಲ್ಸು ನೋಡುತ್ತಿದ್ದರೆ ಅತ್ತೆ ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡುತ್ತಿದ್ದಳು.

"ನಾವೇನೋ ಮ್ಯಾಲಕ್ಕೆ ಬಂದ್ವಿ. ಕೆಳಗಿದ್ದೋರೆಲ್ಲ ಎಲ್ಲಿಗೆ ಓದ್ರು ಮಂಜು?" ಎಂದಳು.

ಕೆಳಗಿದ್ದವರು ಎಂದರೆ ಇಲಿ, ಹಾವು, ಮುಂಗುಸಿ, ಕಪ್ಪೆ, ಕೌಜುಗ. ಅವರಿಗೆಲ್ಲ ಬಿಲ್ಡರು ಮನೆ ಕೊಟ್ಟಿಲ್ಲವೆಂಬುದೇ ಅವಳ ತಕರಾರು! ಅದನ್ನು ಅವಳು ಬಿಲ್ಡರನ ಎದುರಿಗೇ ಹೇಳಿದಳು. ಅವನು ಹೋಳಿಗೆ ತಿನ್ನುತ್ತಿದ್ದವನು ಅರ್ಧಕ್ಕೇ ಎದ್ದು ಕೈ ತೊಳೆದುಕೊಂಡ.

ಈಗ ನನ್ನ ಮಾನದ ವಿಚಾರ ಹೇಳಬೇಕು. ನಾನು ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಅಡ್ಮಿನ್ ವಿಭಾಗದವನು. ಸಾಫ್ಟ್‌ವೇರ್ ಬರೆಯುವವನಲ್ಲ. ಬರೆಯುವವರಿಗೆ ಕುರ್ಚಿ, ಕ್ಯಾಬು, ಊಟ, ಏಸಿ ಒದಗಿಸುವವನು. ಹೊರಗಿನಿಂದ ದೊಡ್ಡ ಸಾಹೇಬರು ಬಂದರೆ ಬಾಗಿಲಲ್ಲಿ ಹಾರದ ತಟ್ಟೆ ಹಿಡಿದು ನಿಲ್ಲುವವನೂ ನಾನೇ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಐಡಿ ಕಾರ್ಡು, ಬಾಯಲ್ಲಿ ಸದಾ "ಶ್ಯೂರ್ ಸಾರ್". "ಇವನು ಲೋಕಲ್ಲು, ಹೊಲ ಮಾರಿಕೊಂಡವನು" ಎಂದು ಯಾರೂ ನನ್ನನ್ನು ನೋಡಬಾರದು ಎಂಬುದೊಂದೇ ನನ್ನ ಜೀವನದ ಆಸೆ. ಹೀಗೆ ನಾನು ಕಷ್ಟಪಟ್ಟು ಕಟ್ಟಿಕೊಂಡ ಮಾನವನ್ನು ಅತ್ತೆ ಯಾವ ಪ್ರಾಣಿಯ ಬಾಯಿಗೆ ಹಾಕುತ್ತಾಳೋ ಎಂದು ದಿನವೂ ನಡುಗುತ್ತಿದ್ದೆ. ಹಾಕದೆ ಬಿಟ್ಟಳೇ?

ಮೊದಲು ಹಾಕಿದ್ದು ಹಲ್ಲಿಯ ಬಾಯಿಗೆ.

ನಮ್ಮ ಅಪಾರ್ಟ್‌ಮೆಂಟಿನವರ ಸಭೆ ನಡೆಯುವುದು ಕೆಳಗಿನ ಪಾರ್ಕಿಂಗಿನಲ್ಲಿ. ಕಾರುಗಳನ್ನು ಅತ್ತಿತ್ತ ಸರಿಸಿ ಪ್ಲಾಸ್ಟಿಕ್ ಕುರ್ಚಿ ಹಾಕುತ್ತಾರೆ. ಕಾರ್ಯದರ್ಶಿಗಳು ಪಾಟೀಲರು. ಹುಬ್ಬಳ್ಳಿ ಕಡೆಯವರು, ನಿವೃತ್ತ ಎಂಜಿನಿಯರು, ಹಣೆಯ ತುಂಬ ವಿಭೂತಿ, ಮಾತು ಖಡಕ್ಕು. ನೆಲಮಹಡಿಯಲ್ಲಿ ಅವರ ಮನೆ. ಆ ದಿನ ಟ್ಯಾಂಕರ್ ನೀರಿನ ವಿಷಯದಲ್ಲಿ ಜೋರು ಗಲಾಟೆ. ಪಾಟೀಲರು ಎದ್ದು ನಿಂತು, "ಎಲ್ಲಾರೂ ಸಮಾಧಾನದಿಂದ ಕೇಳ್ರಿ. ನಾ ಖುದ್ದ ಹೋಗಿ ಮಾತಾಡೇನಿ. ನಾಳಿಂದ ನೀರಿನ ತ್ರಾಸ ಇರೂದಿಲ್ಲ" ಎಂದರು. ಜನ ಸುಮ್ಮನಾದರು. ನನ್ನ ಪಕ್ಕದಲ್ಲಿ ಕೂತಿದ್ದ ಅತ್ತೆ ಮಾತ್ರ ಚಾವಣಿ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಅಲ್ಲಿ ನುಡೀಲಿಲ್ಲ" ಎಂದಳು.

"ಎಲ್ಲಿ ನುಡೀಲಿಲ್ಲ?" ಎಂದರು ಪಾಟೀಲರು.

ಅತ್ತೆಯ ಬಾಯಲ್ಲಿ ಹಲ್ಲಿಗೂ ಅಲ್ಲಿಗೂ ವ್ಯತ್ಯಾಸವಿಲ್ಲ. ನಾನು ತಲೆ ತಗ್ಗಿಸಿಕೊಂಡು, "ಸಾರ್, ಹಲ್ಲಿ. ಗೋಡೆ ಮೇಲಿನ ಹಲ್ಲಿ" ಎಂದು ಬಿಡಿಸಿ ಹೇಳಬೇಕಾಯಿತು. ಆಡಿದ ಮಾತು ನಿಜವಾಗುವುದಿದ್ದರೆ ಹಲ್ಲಿ ಲೊಚಗುಟ್ಟುತ್ತದೆ, ಇವರ ಮಾತಿಗೆ ಲೊಚಗುಟ್ಟಲಿಲ್ಲ, ಆದ್ದರಿಂದ ನೀರು ಬರುವುದಿಲ್ಲ. ಇಷ್ಟು ಅತ್ತೆಯ ವಾದ. ಅಷ್ಟರಲ್ಲಿ ಹಿಂದಿನಿಂದ ಯಾರೋ ಬೇಸರದಿಂದ, "ಇನ್ನೊಂದು ತಿಂಗಳು ನೀರಿಲ್ಲ ಬಿಡ್ರಿ" ಎಂದರು. ಟ್ಯೂಬ್‌ಲೈಟಿನ ಹಿಂದಿನಿಂದ ಸ್ಪಷ್ಟವಾಗಿ ಲೊಚ್ ಲೊಚ್ ಲೊಚ್! ಅತ್ತೆ ತಕ್ಷಣ ಕುರ್ಚಿಯ ಕೈ ಮೇಲೆ ಬೆರಳಿನಿಂದ ತಟ್ಟಿ, "ಕೃಷ್ಣ ಕೃಷ್ಣ" ಎಂದಳು. ಇಡೀ ಪಾರ್ಕಿಂಗು ಗೊಳ್ಳೆಂದಿತು.

"ಏನ್ರೀ ಮಂಜುನಾಥ, ಮೀಟಿಂಗ್ ನಡಸಲಿಕ್ಕೆ ಇನ್ನ ಹಲ್ಲಿ ಪರ್ಮಿಷನ್ ತಗೋಬೇಕೇನ್ರಿ?" ಎಂದು ಪಾಟೀಲರು ನನ್ನನ್ನು ಕೇಳಿದರು. ಅತ್ತೆಯನ್ನಲ್ಲ, ನನ್ನನ್ನು! ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಾಯಿ ಬಿಟ್ಟಿದ್ದರೂ ಕೆಳಗೆ ಇನ್ನೊಂದು ಪಾರ್ಕಿಂಗೇ ಇತ್ತು.

ನೀರು ಬರಲಿಲ್ಲ. ಬರದಿದ್ದುದು ಹಲ್ಲಿಯ ತಪ್ಪೂ ಅಲ್ಲ, ಪಾಟೀಲರ ತಪ್ಪೂ ಅಲ್ಲ. ಆದರೆ ಅಂದಿನಿಂದ ನಮ್ಮ ಸಭೆಯಲ್ಲಿ ಯಾರೇ ಭರವಸೆ ಕೊಟ್ಟರೂ ಜನ ಒಂದು ಕ್ಷಣ ಚಾವಣಿ ನೋಡುತ್ತಿದ್ದರು. ಲೆಕ್ಕಪತ್ರ ಓದುವಾಗಲಂತೂ ಪಾಟೀಲರೇ ಓರೆಗಣ್ಣಿನಲ್ಲಿ ಮೇಲೆ ನೋಡಿದ್ದನ್ನು ನಾನು ಕಂಡಿದ್ದೇನೆ.

ಹಾವಿನದು ಇನ್ನೂ ದೊಡ್ಡ ಅವಮಾನ.

ದೀಪ ಹಚ್ಚುವ ಹೊತ್ತಾದ ಮೇಲೆ ಅತ್ತೆ ಹಾವನ್ನು ಹಾವು ಎನ್ನುವುದಿಲ್ಲ. ಹೆಸರು ಹಿಡಿದು ಕರೆದರೆ ಬಂದುಬಿಡುತ್ತದಂತೆ. ಅದಕ್ಕೆ 'ಹುಳ' ಎನ್ನಬೇಕು. ನಮ್ಮ ಕಡೆ ಹಳ್ಳಿಗಳಲ್ಲಿ ಇದು ಎಲ್ಲರಿಗೂ ಗೊತ್ತು. ಹುಬ್ಬಳ್ಳಿಯಿಂದ ಬಂದು ಅಪಾರ್ಟ್‌ಮೆಂಟಿನಲ್ಲಿ ಕೂತ ಪಾಟೀಲರ ಮನೆಯವರಿಗೆ ಯಾರು ಹೇಳಬೇಕು? ಒಂದು ಸಂಜೆ ಅತ್ತೆ ಕೆಳಗಿನ ಹೂಗಿಡಗಳ ಹತ್ತಿರ ಕೂತಿದ್ದಾಗ, ಒಂದು ಮಾರುದ್ದದ ಹಾವು ಪಾಟೀಲರ ಮನೆಯ ಬಚ್ಚಲಿನ ಕಿಟಕಿಯಿಂದ ಒಳಗೆ ಹೋದದ್ದನ್ನು ನೋಡಿದಳು. ಹೋಗಿ ಬೆಲ್ ಒತ್ತಿದಳು. ಪಾಟೀಲರ ಹೆಂಡತಿ ಬಾಗಿಲು ತೆರೆದರು.

"ನಿಮ್ ಬಚ್ಲಲ್ಲಿ ಉಳ ಐತೆ ಕಣಮ್ಮ" ಎಂದಳು ಅತ್ತೆ.

"ಹುಳಾನ? ಮಳಿಗಾಲ ನೋಡ್ರಿ, ಬರ್ತಾವ. ಒಂಚೂರು ಫಿನಾಯಿಲ್ ಹಾಕಿ ಕಸಬರಿಗಿಲೆ ಬಡದರ ಸಾಯ್ತಾವ."

"ಅಯ್ಯಯ್ಯೋ, ಬಡೀಬ್ಯಾಡಿ! ಕಣ್ಣಾಗೆ ನಿಮ್ ಪಟ ಇಡ್ಕಂಡಿರ್ತದೆ. ಅದರ ಜೋಡಿ ಬಂದು ಆ ಕಣ್ಣು ನೋಡ್ತದೆ, ಆಮ್ಯಾಕೆ ಎಲ್ಲೋದ್ರೂ ನಿಮ್ಮನ್ನ ಬುಡಾಕಿಲ್ಲ."

"ಜಿರಳಿ ಫೋಟೋ ತಗೀತಾವೇನ್ರಿ ನಿಮ್ಮ ಕಡೆ?" ಎಂದು ನಗುತ್ತಲೇ ಆಕೆ ಕಸಬರಿಗೆ ಹಿಡಿದು ಬಚ್ಚಲಿಗೆ ಹೋದರು.

ಆಮೇಲೆ ಕೇಳಿದ ಕೂಗು ವರ್ತೂರು ಕೆರೆಯ ಆಚೆ ದಡಕ್ಕೂ ಮುಟ್ಟಿರಬೇಕು. ನಾನು ಓಡಿ ಹೋದಾಗ ಪಾಟೀಲರು ಬನಿಯನ್ನಿನಲ್ಲಿ ಸೋಫಾದ ಮೇಲೆ, ಅವರ ಹೆಂಡತಿ ಊಟದ ಮೇಜಿನ ಮೇಲೆ, ಸೆಕ್ಯುರಿಟಿಯವರು ಗೇಟಿನ ಆಚೆ. ಅತ್ತೆಯೊಬ್ಬಳೇ ಬಚ್ಚಲ ಬಾಗಿಲಲ್ಲಿ ನಿಂತು, "ದಾರಿ ತಪ್ಪಿ ಬಂದಿದ್ದೀಯ ನಮ್ಮವ್ವ. ಇದು ನಿನ್ನ ಮನೇನೇ, ಇಲ್ಲ ಅನ್ನಾಕಿಲ್ಲ. ಆದ್ರೆ ಪಾಪ ಈ ಅಮ್ಮಂಗೆ ಗೊತ್ತಿಲ್ಲ. ಓಗ್ಬುಡು" ಎಂದು ರಾಜಿ ಮಾಡಿಸುತ್ತಿದ್ದಳು. ಕೇರೆಹಾವು. ಜನರ ಗಲಾಟೆಗೆ ತಾನೇ ಕಂಗಾಲಾಗಿತ್ತು. ಬಂದ ಕಿಟಕಿಯಲ್ಲೇ ಸರಸರನೆ ಹೋಯಿತು.

"ಹಾವಿಗೆ ಹಾವು ಅನ್ನಲಿಕ್ಕೆ ಏನ್ರೀ ಧಾಡಿ ನಿಮ್ಮ ಅತ್ತಿಯವರಿಗೆ?" ಎಂದು ಪಾಟೀಲರು ಸೋಫಾದ ಮೇಲಿಂದಲೇ ನನ್ನನ್ನು ಕೇಳಿದರು. ಮತ್ತೆ ನನ್ನನ್ನು! ಬೆಳಗಾಗುವುದರೊಳಗೆ ಲಿಫ್ಟಿನ ಪಕ್ಕದಲ್ಲಿ ನೋಟೀಸು ಬಿದ್ದಿತ್ತು: 'ನಿವಾಸಿಗಳು ಯಾವುದೇ ವೇಳೆಯಲ್ಲಿ ಹಾವನ್ನು ಹಾವೆಂದೇ ಕರೆಯತಕ್ಕದ್ದು.' ಕೆಳಗೆ ಅಸೋಸಿಯೇಷನ್ನಿನ ಮೊಹರು. ಅದನ್ನು ಓದಿದವರೆಲ್ಲ ಲಿಫ್ಟಿನಲ್ಲಿ ನನ್ನ ಮುಖ ನೋಡಿ ಮೂರನೇ ಮಹಡಿಯವರೆಗೂ ತುಟಿ ಕಚ್ಚಿಕೊಂಡಿರುತ್ತಿದ್ದರು. ನಾನು ಮೆಟ್ಟಿಲು ಹತ್ತುವ ಅಭ್ಯಾಸ ಮಾಡಿಕೊಂಡೆ. ಆರೋಗ್ಯಕ್ಕೆ ಒಳ್ಳೆಯದು ಎಂದು ಗೀತಾ ಸಮಾಧಾನ ಹೇಳಿದಳು. ನೋಟೀಸನ್ನು ಅತ್ತೆಗೂ ಓದಿ ಹೇಳಿದ್ದಾಯಿತು. ಅವಳು ಗಂಭೀರವಾಗಿ ಕೇಳಿಸಿಕೊಂಡು, "ಕರೀಲಿ ಬುಡು. ಬಂದ್ರೆ ಅವರ ಮನೆಗೇ ತಾನೆ ಬತ್ತದೆ?" ಎಂದಳು.

ಅಪಾರ್ಟ್‌ಮೆಂಟು ಹೋಗಲಿ, ಆಫೀಸಾದರೂ ಉಳಿಯಲಿ ಎಂದುಕೊಂಡಿದ್ದೆ. ಅಲ್ಲಿಗೂ ಬಂದಳು!

ಕಂಪನಿಯಲ್ಲಿ ವರ್ಷಕ್ಕೊಂದು ದಿನ ಮನೆಯವರನ್ನೆಲ್ಲ ಕರೆದು ಊಟ ಹಾಕುತ್ತಾರೆ. ಅತ್ತೆಗೆ ಜ್ವರ ಬರಬಹುದೇನೋ ಎಂದು ಕಾದೆ, ಬರಲಿಲ್ಲ. ಗಟ್ಟಿ ಅಂಚಿನ ಸೀರೆ ಉಟ್ಟು, ಕನಕಾಂಬರ ಮುಡಿದ ಗೀತಾಳ ಕೈ ಹಿಡಿದು ಬಂದಳು. ಹುಲ್ಲುಹಾಸಿನ ಮೇಲೆ ಎಲ್ಲರೂ ತಟ್ಟೆ ಹಿಡಿದು ನಿಂತಿದ್ದಾಗ ಬಿಸಿಲಿರುವಂತೆಯೇ ತಟಪಟ ಹನಿ ಬಿತ್ತು. ಅತ್ತೆಯ ಮುಖ ಅರಳಿತು. "ಕಾಗೆಗೂ ನರಿಗೂ ಮದ್ವೆ ಕಣೋ!" ಎಂದು ಕೈ ಚಪ್ಪಾಳೆ ತಟ್ಟಿದಳು. ನಮ್ಮ ದೊಡ್ಡ ಸಾಹೇಬರು, ಡೆಲ್ಲಿಯವರು, ಅಲ್ಲೇ ಛತ್ರಿಯ ಕೆಳಗೆ ನಿಂತಿದ್ದರು. "ವಾಟ್ ಈಸ್ ಶಿ ಸೇಯಿಂಗ್, ಮಂಜು?" ಎಂದರು. ಬಿಸಿಲು ಮಳೆ ಒಟ್ಟಿಗೆ ಬಂದರೆ ಎಲ್ಲೋ ಒಂದು ಕಡೆ ಕಾಗೆಗೂ ನರಿಗೂ ಮದುವೆಯಾಗುತ್ತಿರುತ್ತದೆ ಎಂದು ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬರಿಗೆ ಖುಷಿಯೋ ಖುಷಿ. ಹಾಗಾದರೆ ನಾವು ಯಾರ ಕಡೆಯವರು, ಹೆಣ್ಣಿನ ಕಡೆಯೋ ಗಂಡಿನ ಕಡೆಯೋ, ಕೇಳು ಎಂದರು.

ಅತ್ತೆ ಯೋಚನೆಯನ್ನೇ ಮಾಡಲಿಲ್ಲ. "ನರಿ ಗಂಡು, ಇವರೆಲ್ಲ ನರಿ ಕಡೆಯೋರು. ನಾವು ಕಾಗೆ ಕಡೆಯೋರು ಅಂತ ಯೋಳು" ಎಂದಳು.

ನಾನು ಅದನ್ನು "ಶಿ ಈಸ್ ವೆರಿ ಹ್ಯಾಪಿ ಸಾರ್" ಎಂದು ಅನುವಾದ ಮಾಡಿದೆ. ಆದರೆ ಅಲ್ಲೇ ನಿಂತಿದ್ದ ಕ್ಯಾಬ್ ಡ್ರೈವರುಗಳಿಗೆ ಕನ್ನಡ ಬರುತ್ತಿತ್ತಲ್ಲ! ಆಮೇಲೆ ಎಷ್ಟೋ ದಿನ ಸಾಹೇಬರ ಕಾರು ಗೇಟಿನೊಳಗೆ ಬಂದರೆ, "ಮಂಜಣ್ಣ, ಗಂಡಿನ ಕಡೆಯೋರು ಬಂದ್ರು ನೋಡಿ" ಎಂದು ಅವರು ಕೂಗುತ್ತಿದ್ದರು. ಸಾಹೇಬರು ಅದೇನೋ ನಮಸ್ಕಾರವಿರಬೇಕೆಂದು ಕೈ ಬೀಸುತ್ತಿದ್ದರು.

ಇಷ್ಟಾದ ಮೇಲೆ ಬಂತು ಕಾಗೆ.

ಒಂದು ಭಾನುವಾರ ಅತ್ತೆ ಟೆರೇಸಿನ ಮೇಲೆ ಸಂಡಿಗೆ ಕಾಯುತ್ತಿದ್ದಳು. ಎಲ್ಲಿಂದಲೋ ಬಂದ ಕಾಗೆಯೊಂದು ಸಂಡಿಗೆ ಬಿಟ್ಟು ಅವಳ ತಲೆಯ ಮೇಲೆ ಕಾಲೂರಿ ಹಾರಿಹೋಯಿತು. ಅತ್ತೆ ಕೆಳಗೆ ಬಂದು ತಣ್ಣೀರಿನಲ್ಲಿ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಸೋಫಾದ ಮೇಲೆ ಕೂತು, "ಮಂಜು, ಕಾಗೆ ಮುಟ್ಬುಡ್ತು" ಎಂದಳು. ಅವಳ ಮುಖ ಬಿಳುಚಿಕೊಂಡಿತ್ತು.

ಕಾಗೆ ತಲೆ ಮುಟ್ಟಿದರೆ ಸಾವಿನ ಕರೆ ಬಂತು ಎಂದು ನಮ್ಮಲ್ಲಿ ನಂಬಿಕೆ. ಅದಕ್ಕೊಂದು ಪರಿಹಾರವೂ ಇದೆ. ಕಾಗೆ ಮುಟ್ಟಿಸಿಕೊಂಡವರು ಸತ್ತರೆಂದು ನೆಂಟರ ಮನೆಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದು ನಂಬಿ ಅಳಬೇಕು. ಅತ್ತರೆ ಸಾವು ಸಂದಾಯವಾದ ಹಾಗೆ, ಯಮನ ಲೆಕ್ಕ ಚುಕ್ತಾ. ಆಮೇಲೆ ನಿಜ ಹೇಳಿ, ಬೈಸಿಕೊಂಡು, ಎಲ್ಲರೂ ಸಿಹಿ ತಿನ್ನುವುದು. ನಮ್ಮ ತಾತನಿಗೆ ಕಾಗೆ ಮುಟ್ಟಿದಾಗ ಹೊಸಕೋಟೆಯ ನೆಂಟರು ಎತ್ತಿನ ಗಾಡಿ ಕಟ್ಟಿಕೊಂಡು, ದಾರಿಯುದ್ದಕ್ಕೂ ಎದೆ ಬಡಿದುಕೊಂಡು ಅಳುತ್ತ ಬಂದಿದ್ದರಂತೆ. ತಾತ ಜಗಲಿಯ ಮೇಲೆ ಕೂತು ಮುದ್ದೆ ನುಂಗುತ್ತಿದ್ದನಂತೆ. ಬಂದವರಲ್ಲಿ ಯಾರು ಜಾಸ್ತಿ ಅತ್ತರು ಎಂದು ವಿಚಾರಿಸಿ ಅವರಿಗೆ ಒಂದು ಮಡಕೆ ಬೆಲ್ಲ ಕೊಟ್ಟನಂತೆ! ಇದನ್ನು ಅತ್ತೆ ನನಗೆ ಚಿಕ್ಕಂದಿನಲ್ಲಿ ಎಷ್ಟು ಸಲ ಹೇಳಿದ್ದಳೋ.

"ಅಮಾಸೆಯೊಳಗೆ ಯಾರಾದ್ರೂ ಅಳ್ಬೇಕು" ಎಂದಳು ಅತ್ತೆ.

"ನಾನೇ ಅಳ್ತೀನಿ ಬಿಡತ್ತೆ. ಅದಕ್ಯಾಕೆ ಇಷ್ಟು ಯೋಚ್ನೆ?" ಎಂದೆ.

"ನಿಂಗೆ ಸುಳ್ಳು ಅಂತ ಗೊತ್ತೈತಲ್ಲ. ಗೊತ್ತಿದ್ದು ಅತ್ರೆ ಅದು ನಾಟ್ಕ."

ಹೆಣದ ಸುದ್ದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆಫೀಸಿನಲ್ಲಿ ದಿನವೂ "ಏಸಿ ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ" ಎಂದು ಹೇಳಿ ಪಳಗಿದವನು ತಾನೆ ನಾನು? ಮೊದಲು ಹೊಸಕೋಟೆಗೆ ಫೋನ್ ಮಾಡಿದೆ, ಅತ್ತೆಯ ಚಿಕ್ಕಪ್ಪನ ಮಗಳಿಗೆ. ಅಳು ತನ್ನ ಕಿವಿಗೇ ಬೀಳಬೇಕೆಂದು ಅತ್ತೆ ಸ್ಪೀಕರ್ ಹಾಕಿಸಿ, ಮೊಬೈಲಿನ ಪಕ್ಕದಲ್ಲೇ ಉಸಿರು ಬಿಗಿಹಿಡಿದು ಕೂತಳು.

"ಚಿಕ್ಕತ್ತೇ, ಅತ್ತೆ ಹೋಗ್ಬಿಟ್ಳು" ಎಂದೆ, ಆದಷ್ಟು ಗದ್ಗದವಾಗಿ.

ಆ ಕಡೆಯವಳು, "ಕಾಗೆ ಮುಟ್ತಾ ಅವಳ್ನ?" ಎಂದು ಕೇಳಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಯೋಳು ಅವಳ್ಗೆ, ನಾನು ಅವಳ ತಂಗಿ! ಅವಳೇ ಕಲಿಸಿದ್ ಇದ್ಯೆ ನಂಗೇ ತೋರುಸ್ತಾಳಾ?"

ನನಗೂ ನಗು ಬಂತು. ಅಡುಗೆಮನೆಯಲ್ಲಿ ಗೀತಾ ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತೆಯೂ ಒಂದಿಷ್ಟು ನಕ್ಕು, "ಇವಳು ಕಳ್ಳಿ. ಮಾಲೂರಿಗೆ ಮಾಡು" ಎಂದಳು.

ಮಾಲೂರಿನಲ್ಲಿರುವುದು ಅತ್ತೆಯ ಮೈದುನನ ಮಗ. ಗಂಡನ ಕಡೆಯಿಂದ ಉಳಿದ ಒಂದೇ ಸಂಬಂಧ. ಅವನ ಹೆಂಡತಿಯ ಬಾಣಂತನಕ್ಕೆಲ್ಲ ಹೋಗಿ, ತಿಂಗಳುಗಟ್ಟಲೆ ಇದ್ದು, ಎಣ್ಣೆ ನೀರು ಹಾಕಿ ಬಂದವಳು ಅತ್ತೆ. ನಾನು ಅದೇ ಮಾತು ಹೇಳಿದೆ. ಅವನು ನಂಬಿದ. ನಂಬಿದ್ದೇ ಕಷ್ಟವಾಯಿತು.

"ಔದಾ? ಅಯ್ಯೋ. ವಯಸ್ಸಾಗಿತ್ತಲ್ಲ" ಎಂದ. ಹಿಂದೆ ಟಿವಿಯ ಸದ್ದು ಕೇಳುತ್ತಿತ್ತು. "ಎಷ್ಟೊತ್ತಿಗೆ ಎತ್ತುತೀರ? ನಂಗೆ ಮಧ್ಯಾಹ್ನದ ಶಿಫ್ಟು ಗುರು. ಬರಾಕಾದ್ರೆ ಬತ್ತೀನಿ, ಇಲ್ಲಾಂದ್ರೆ ತಿಥಿಗೆ ನೋಡಾಣ." ಫೋನ್ ಇಟ್ಟ.

ನಾನು ಮೊಬೈಲನ್ನೇ ನೋಡುತ್ತ ಕೂತೆ. ಅತ್ತೆಯ ಕಡೆ ನೋಡಲು ಧೈರ್ಯವಾಗಲಿಲ್ಲ. ಸುಳ್ಳೆಂದು ಅವನಿಗೆ ತಿಳಿಸುವುದೂ ಮರೆತುಹೋಯಿತು. ಇವತ್ತಿಗೂ ಅವನ ಪಾಲಿಗೆ ಅತ್ತೆ ಸತ್ತಿದ್ದಾಳೆಯೇ ಬದುಕಿದ್ದಾಳೆಯೇ ಎಂಬುದು ನನಗೆ ಗೊತ್ತಿಲ್ಲ.

"ಬುಡಪ್ಪ, ಅವನಿಗೆ ಕೆಲ್ಸ ಇರ್ತದೆ" ಎಂದು ಅತ್ತೆ ಎದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮನೆಯೊಳಗೆ ಅವಳು ಹಾಗೆ ತಲೆ ಮುಚ್ಚಿಕೊಂಡದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅವಳು ನನಗೆ ಮುಖ ತೋರಿಸಲು ನಾಚುತ್ತಿದ್ದಳು! ತಾನು ಸತ್ತರೆ ಅಳುವವರಿಲ್ಲ ಎನ್ನುವುದು ಗೀತಾಳಿಗೂ ನನಗೂ ಗೊತ್ತಾಗಿಹೋಯಿತಲ್ಲ ಎಂಬ ನಾಚಿಕೆ. ಇಷ್ಟು ವರ್ಷ ಅವಳ ದೆಸೆಯಿಂದ ನಾಚಿಕೆಪಟ್ಟವನು ನಾನು. ನಾಚಿಕೆ ಎಂಬುದು ಅವಳಿಗೆ ಗೊತ್ತೇ ಇಲ್ಲವೆಂದುಕೊಂಡಿದ್ದೆ.

ಆಮೇಲಿನ ದಿನಗಳಲ್ಲಿ ನಮ್ಮ ಮನೆ ಬಹಳ ಸಭ್ಯವಾಯಿತು. ಹಲ್ಲಿ ಲೊಚಗುಟ್ಟಿದರೆ ಲೊಚಗುಟ್ಟಿತು, ಅತ್ತೆ ತಲೆಯೆತ್ತಲಿಲ್ಲ. ಬೆಕ್ಕು ಅಡ್ಡ ಬಂದರೆ ಬಂತು. ಸಂಜೆ ಹೊತ್ತು ಗೀತಾ ಬೇಕೆಂದೇ, "ಅತ್ತೆ, ಕೆಳಗೆ ಹಾವು ಬಂದಿತ್ತಂತೆ" ಎಂದಳು. "ಬಂದಿರ್ತದೆ" ಎಂದಳು ಅತ್ತೆ, ಅಷ್ಟೇ. ನನ್ನ ಮಾನಕ್ಕೆ ಇಷ್ಟು ಒಳ್ಳೆಯ ಕಾಲ ಎಂದೂ ಬಂದಿರಲಿಲ್ಲ. ಆದರೆ ನನಗೆ ಊಟ ಸೇರುತ್ತಿರಲಿಲ್ಲ. ಪಾಟೀಲರೇ ಮೆಟ್ಟಿಲ ಹತ್ತಿರ ನಿಲ್ಲಿಸಿ, "ಅಮ್ಮಾರು ಯಾಕ ಸುಮ್ಮನಾಗ್ಯಾರ? ಮೊನ್ನೆ ಮೀಟಿಂಗಿನಾಗ ಹಲ್ಲಿ ಎರಡು ಸಲ ನುಡೀತು, ಯಾರೂ ಕೃಷ್ಣ ಅನ್ನಲಿಲ್ಲ. ಒಂಥರಾ ಆತು ನೋಡ್ರಿ" ಎಂದರು. ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಅತ್ತೆ ಒಂದೊಂದಾಗಿ ತನ್ನ ಸೀರೆಗಳನ್ನು ಮಡಿಸಿ, ಯಾವುದು ಗೀತಾಳಿಗೆ, ಯಾವುದು ಯಾರಿಗೆ ಎಂದು ವಿಂಗಡಿಸಿಡುತ್ತಿದ್ದಳು.

ಅಮಾವಾಸ್ಯೆಯ ಹಿಂದಿನ ದಿನ ನಮ್ಮ ಕಂಪನಿಗೆ ಅಮೆರಿಕದಿಂದ ಮಾಲೀಕರ ಕಡೆಯ ದೊಡ್ಡವರು ಬರುವವರಿದ್ದರು. ಬಾಗಿಲಲ್ಲಿ ರಂಗೋಲಿ, ಹಿತ್ತಾಳೆಯ ದೀಪ, ಎರಡು ಸಾಲಿನಲ್ಲಿ ಸೂಟು ಹಾಕಿದ ಮ್ಯಾನೇಜರುಗಳು. ಮುಂದೆ ಡೆಲ್ಲಿ ಸಾಹೇಬರು. ಅವರ ಪಕ್ಕದಲ್ಲಿ ನಮ್ಮ ವಿಭಾಗದ ಮುಖ್ಯಸ್ಥೆ ಮೆನನ್ ಮೇಡಂ, ಅವರ ಹಿಂದೆ ಚೆಂಡು ಹೂವಿನ ಹಾರಗಳ ತಟ್ಟೆ ಹಿಡಿದು ನಾನು. ಗೇಟಿನಿಂದ ಕಾರು ಒಳಗೆ ಬಂತು ಎಂದು ವಾಕಿಟಾಕಿಯಲ್ಲಿ ಹೇಳಿದರು. ಆಗ ಜೇಬಿನಲ್ಲಿ ಮೊಬೈಲು ಗುಂಯ್‌ಗುಟ್ಟಿತು. ಬಿಟ್ಟೆ. ಮತ್ತೆ ಗುಂಯ್‌ಗುಟ್ಟಿತು. ಮನೆಯ ನಂಬರು. ತಟ್ಟೆಯನ್ನು ಒಂದು ಕೈಗೆ ಬದಲಾಯಿಸಿಕೊಂಡು ಎತ್ತಿದೆ.

"ಮಂಜು, ನಾನು ಕಣಪ್ಪ."

"ಏನತ್ತೆ? ಕೆಲ್ಸದಲ್ಲಿದೀನಿ, ಬೇಗ ಹೇಳು."

"ಒಂದು ಸುದ್ದಿ ಐತೆ. ಧೈರ್ಯ ತಕ್ಕೋ."

"ಏನಾಯ್ತು?"

"ನಾನು ಓಗ್ಬುಟ್ಟೆ ಕಣಪ್ಪ."

"ಎಲ್ಲಿಗೆ?"

"ಎಲ್ಲಿಗಂದ್ರೆ? ತೀರ್ಕಂಡೆ. ಈಗ್ತಾನೆ, ಕಾಪಿ ಕುಡುದ್ಮ್ಯಾಕೆ."

ಸತ್ತವರೇ ಫೋನ್ ಮಾಡಿ ತಾವು ಸತ್ತದ್ದನ್ನು ತಿಳಿಸಿದರೆ ಏನು ಹೇಳುವುದು ವಾಡಿಕೆ? ಅತ್ತೆ ಮುಂದುವರಿಸಿದಳು. ಕದ್ದು ಮಾತಾಡುವವಳ ಹಾಗೆ ದನಿ ತಗ್ಗಿಸಿದ್ದಳು.

"ಬ್ಯಾರೆಯೋರ ಕೈಲಿ ಯೋಳುಸಾಣ ಅಂತಿದ್ದೆ. ಗೀತಾ ಸಂತೆಗೆ ಓಗವ್ಳೆ. ಕೆಳಗಿನ ಪಾಟೀಲಮ್ಮನ್ನ ಕೇಳ್ದೆ, ಇಂಥ ಸುಳ್ಳು ಯೋಳಾಕಾಗಾಕಿಲ್ಲ ಅಂತ ಕಣ್ಣೀರಾಕ್ಕಂಡ್ರು, ಅದು ಲೆಕ್ಕಕ್ಕೆ ಬರಾಕಿಲ್ಲ, ನೆಂಟ್ರಲ್ವಲ್ಲ. ಅದಕ್ಕೇ ನಾನೇ ಮಾಡ್ದೆ. ನಾಳೆ ಅಮಾಸೆ. ಗೊತ್ತಿದ್ದು ಅತ್ರೆ ನಾಟ್ಕ ಅಂತ ನಾನೇ ಅಂದಿದ್ದೆ. ಆದ್ರೆ ನಿಂಗೆ ಗೊತ್ತಿತ್ತೋ ಇಲ್ವೋ ಅಂತ ಕಾಗೆಗೆ ಎಂಗ್ ಗೊತ್ತಾಯ್ತದೆ, ಅಲ್ವಾ?"

"ಅಲ್ವಾ" ಎಂದೆ ನಾನೂ.

"ಈಗ್ಲೇ ಬ್ಯಾಡ. ಬಿಡುವಾದಾಗ ಒಸಿ ಅತ್ಬುಡು. ಯಾರೂ ಇಲ್ದಿರೋ ಕಡೆ ಓಗಿ ಅಳು ಮಗ. ನಿನ್ ಮಾನ ಕಳ್ಯೋದ್ ಬ್ಯಾಡ."

ಅಷ್ಟೇ ಅವಳು ಹೇಳಿದ್ದು. ನನ್ನ ಮಾನದ ಚಿಂತೆ ನನಗೊಬ್ಬನಿಗೇ ಇದೆ ಎಂದುಕೊಂಡಿದ್ದೆ. ಅದು ಅವಳಿಗೂ ಗೊತ್ತಿತ್ತು. ಸತ್ತ ಮೇಲೂ ಅದನ್ನು ಕಾಪಾಡುತ್ತಿದ್ದಳು! ಎದೆಯೊಳಗಿಂದ ಏನೋ ಮೇಲೆ ಬಂತು. ಕೆಮ್ಮು ಎಂದುಕೊಂಡೆ. ಕೆಮ್ಮಾಗಿರಲಿಲ್ಲ. ಕಾರು ಬಂದು ನಿಂತು, ಬಾಗಿಲು ತೆರೆದು, ಅಮೆರಿಕದ ದೊಡ್ಡವರು ಒಂದು ಕಾಲು ಕೆಳಗಿಡುವ ಹೊತ್ತಿಗೆ ನಾನು, ಇಸ್ತ್ರಿ ಅಂಗಿಯ ಮಂಜುನಾಥ, ಹಾರದ ತಟ್ಟೆಯನ್ನು ಎದೆಗೊತ್ತಿಕೊಂಡು ಹೋ ಎಂದು ಅಳುತ್ತಿದ್ದೆ. ಕಣ್ಣಲ್ಲಿ ನೀರು ತುಂಬಿಕೊಳ್ಳುವುದು, ಕರವಸ್ತ್ರದಲ್ಲಿ ಒತ್ತಿಕೊಳ್ಳುವುದು, ಅಂಥ ಸೂಟುಬೂಟಿನ ಅಳುವಲ್ಲ ಅದು. ಗಾಡಿ ಕಟ್ಟಿಕೊಂಡು ಬಂದು ಅಳುವವರ ಅಳು. ದೀಪ ಹಚ್ಚುತ್ತಿದ್ದ ಡೆಲ್ಲಿ ಸಾಹೇಬರ ಕೈಯಲ್ಲಿ ಕಡ್ಡಿ ಉರಿದು ಬೆರಳು ಸುಟ್ಟಿತು. ಸಾಲಿನಲ್ಲಿದ್ದ ಮ್ಯಾನೇಜರುಗಳು ಎರಡು ಹೆಜ್ಜೆ ಸರಿದರು. ಡ್ರೈವರುಗಳು ಓಡಿ ಬಂದರು.

"ಮಂಜು, ವಾಟ್ ಹ್ಯಾಪನ್ಡ್?" ಎಂದು ಮೆನನ್ ಮೇಡಂ ನನ್ನ ತೋಳು ಹಿಡಿದು ಕೇಳಿದರು.

"ಮೈ ಆಂಟ್, ಮೇಡಂ. ಶಿ ಈಸ್ ನೋ ಮೋರ್."

"ಓ ಗಾಡ್! ವೆನ್?"

"ಜಸ್ಟ್ ನೌ, ಮೇಡಂ. ಶಿ ಓನ್ಲಿ ಕಾಲ್ಡ್ ಅಂಡ್ ಟೋಲ್ಡ್."

ಮೇಡಂ ನನ್ನ ತೋಳು ಬಿಟ್ಟರು. ಕಾರಿನಿಂದ ಇಳಿದ ದೊಡ್ಡವರು ಏನೂ ತಿಳಿಯದೆ, ಈ ಅಳುವೂ ಸ್ವಾಗತದ ಒಂದು ಪದ್ಧತಿಯೇನೋ ಎಂದು ನನಗೆ ಕೈ ಮುಗಿದರು. ನೋಡುವವರು ನೋಡಲಿ ಎಂದು ನಾನು ಇನ್ನಷ್ಟು ಅತ್ತೆ. ಮೊಬೈಲು ಕಿವಿಯಲ್ಲೇ ಇತ್ತು. ಆ ಕಡೆಯಿಂದ ಅತ್ತೆಯ ಗಾಬರಿಯ ದನಿ ಕೇಳಿತು.

"ಏನೋ ಅದು ಸದ್ದು? ಮಂಜು? ಎಲ್ಲಾರ ಮುಂದೇನಾ? ಲೇ, ನಿಜವಾಗ್ಲೂ ಅತ್ತ್ಯಾ?"

"ಅತ್ತೆ" ಎಂದೆ.

ಆ ಕಡೆ ಮೂಗು ಸೀನಿಕೊಂಡ ಸದ್ದು ಕೇಳಿಸಿತು.

"ಕೂಗ್ತಾ ಇದೀಯೋ, ಯೋಳ್ತಾ ಇದೀಯೋ?"

"ಎರಡೂ" ಎಂದೆ.